ಅಟ್ಟದ ಕೆಳಗಿನ ಒಲೆಯನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಕಡೆ ಅಜ್ಜನ ಕಾಲದ ಹೆಂಚಿನ ಮನೆ. ಮಳೆಗಾಲ ಮುಗಿದ ಮೇಲೆ ಅಡಿಗೆಮನೆ, ಬಚ್ಚಲುಮನೆ ಎರಡನ್ನೂ ಹೊಸದಾಗಿ ಮಾಡಿಸಬೇಕು ಎಂದಿದ್ದೇವೆ. ಮಗ ಲ್ಯಾಪ್‌ಟಾಪಿಗೆ ಸ್ವೀಟ್ ಹೋಮ್ 3ಡಿ ಎಂಬ ಮನೆ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಟ್ಟ. ನಾನೇ ಕೂತು ಅಡಿಗೆಮನೆ ಬಿಡಿಸಿದೆ. ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ, ಮೇಲೆ ಚಿಮಣಿ, ಗೋಡೆ ಕಪಾಟು, ಕೊನೆಗೆ ಇಡೀ ಗೋಡೆಗೆ ಒಂದು ಅಟ್ಟ. ಈಗ ಒಲೆ ಮೇಲೆ ಕ್ಲಿಕ್ ಮಾಡಿದರೆ ಅಟ್ಟ ಸೆಲೆಕ್ಟ್ ಆಗುತ್ತದೆ. ಕಟ್ಟೆಯ ಕೆಳಗಿಟ್ಟ ಸಿಲಿಂಡರ್ ಅಂತೂ ಕೈಗೆ ಸಿಗುವುದೇ ಇಲ್ಲ. ಪ್ರತಿ ಸಲ ಅಟ್ಟವನ್ನು ಪಕ್ಕಕ್ಕೆ ಎಳೆದು, ಒಲೆ ಸರಿಸಿ, ಮತ್ತೆ ಅಟ್ಟವನ್ನು ತಂದು ಇಡುತ್ತೇನೆ. ಮೊದಲು ಅದು ಎಲ್ಲಿತ್ತು ಎಂಬುದೇ ಮರೆತುಹೋಗಿದೆ. ಇನ್ನೊಂದು ತೊಂದರೆ: ಒಂದು ಗೋಡೆ ಅಳಿಸಿದರೆ ಅದೇ ಜಾಗದಲ್ಲಿ ಇನ್ನೊಂದು ಗೋಡೆ ಉಳಿದಿರುತ್ತದೆ. ಎಲ್ಲ ಬಿಟ್ಟು ಮೊದಲಿನಿಂದ ಶುರು ಮಾಡಬೇಕಾ?

ಉತ್ತರ: ಬೇಡ. ಮೊದಲಿನಿಂದ ಶುರು ಮಾಡಿದರೂ ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ. ಏಕೆಂದರೆ ನೀವು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಅಡಿಗೆಮನೆ ಎಂದರೆ ಒಂದರ ಮೇಲೊಂದು ಸಾಮಾನು ಕೂರುವ ಜಾಗ. ಸರಿಯಾಗಿ ಬಿಡಿಸಿದ ಅಡಿಗೆಮನೆಯಲ್ಲೇ ಈ ಕಷ್ಟ ಜಾಸ್ತಿ.

ಪ್ಲಾನ್ ಎಂದರೆ ಆಕಾಶದಿಂದ ಕೆಳಗೆ ನೋಡುವ ನೋಟ, ಅಲ್ವಾ? ಹೆಂಚು ತೆಗೆದು ನಿಮ್ಮ ಅಡಿಗೆಮನೆಗೆ ಮೇಲಿನಿಂದ ಇಣುಕಿದರೆ ಮೊದಲು ಕಾಣುವುದು ಅಟ್ಟ. ಅದರಡಿಯಲ್ಲಿ ಕಪಾಟು, ಚಿಮಣಿ, ಒಲೆ, ಕಟ್ಟೆ, ಕೊನೆಗೆ ಸಿಲಿಂಡರ್. ಐದಾರು ವಸ್ತು ಒಂದೇ ಎರಡಡಿ ಅಗಲದ ಪಟ್ಟಿಯಲ್ಲಿ ಕೂತಿವೆ. ನೀವು ಕ್ಲಿಕ್ ಮಾಡಿದಾಗ ಸ್ವೀಟ್ ಹೋಮ್ 3ಡಿ ಆ ಜಾಗದಲ್ಲಿ ಏನೇನಿದೆ ಎಂದು ನೋಡಿ, ನೆಲದಿಂದ ಜಾಸ್ತಿ ಎತ್ತರದಲ್ಲಿ ಇರುವುದನ್ನು ಕೈಗೆ ಕೊಡುತ್ತದೆ. ಏಳಡಿ ಮೇಲಿರುವ ಅಟ್ಟ ಹಾಗಾಗಿ ಪ್ರತಿ ಸಲವೂ ಗೆಲ್ಲುತ್ತದೆ. ಮೌಸ್ ಎಷ್ಟು ನಾಜೂಕಾಗಿ ಹಿಡಿದರೂ, ಎಷ್ಟು ಜೂಮ್ ಮಾಡಿದರೂ ಒಲೆ ಅಟ್ಟದ ಅಡಿಯಲ್ಲೇ ಇರುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡ ನೆನಪು ಮಾಡಿಕೊಳ್ಳಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಅದರ ಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಮೇಲಿನಿಂದ ನಕ್ಷೆ ತೆಗೆದರೆ ಈ ಸಾಲುಗಳೆಲ್ಲ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ಬಂದು ಕೂರುತ್ತವೆ. ಆನೆ ಸಾಲು ಯಾವುದು ಎಂದು ಆ ಗೆರೆ ನೋಡಿ ಹೇಳಲು ಆಗುವುದಿಲ್ಲ. ಹೆಸರು ಹೇಳಿಯೇ ತೋರಿಸಬೇಕು. ನಿಮ್ಮ ಅಡಿಗೆಮನೆಗೂ ಅಷ್ಟೇ. ಅಡಿಯಲ್ಲಿರುವುದನ್ನು ಮೌಸಿನಿಂದ ಬೇಟೆಯಾಡಬೇಡಿ, ಹೆಸರಿನಿಂದ ಕರೆಯಿರಿ. ಹಾಗೆ ಕರೆಯಲು ಈ ಸಾಫ್ಟ್‌ವೇರಿನಲ್ಲಿ ಎರಡು ದಾರಿ ಇವೆ.

ಮೊದಲನೆಯದು ರೈಟ್ ಕ್ಲಿಕ್. ಪ್ಲಾನ್‌ನಲ್ಲಿ ಒಲೆ ಇರುವ ಜಾಗದ ಮೇಲೆ ಮೌಸ್ ಇಟ್ಟು ಬಲಗಡೆಯ ಗುಂಡಿ ಒತ್ತಿ. ಬರುವ ಮೆನುವಿನಲ್ಲಿ 'ಸೆಲೆಕ್ಟ್ ಆಬ್ಜೆಕ್ಟ್' ಎಂಬ ಸಾಲು ಇರುತ್ತದೆ. ಅದರ ಮೇಲೆ ಹೋದರೆ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪಟ್ಟಿ ತೆರೆಯುತ್ತದೆ. ಆ ಒಂದು ಬಿಂದುವಿನ ಅಡಿಯಲ್ಲಿ ಏನೇನು ಇದೆಯೋ ಎಲ್ಲದರ ಹೆಸರೂ ಅಲ್ಲಿರುತ್ತದೆ. ಒಲೆ ಆರಿಸಿದರೆ ಆಯಿತು, ಒಲೆಯೇ ಸೆಲೆಕ್ಟ್ ಆಗುತ್ತದೆ. ಅಟ್ಟ ಅಲುಗುವುದಿಲ್ಲ. ಆ ಸಾಲು ಕಾಣದಿದ್ದರೆ ಸಾಫ್ಟ್‌ವೇರ್ ತುಂಬಾ ಹಳೆಯದು ಇರಬಹುದು. ಹೊಸದನ್ನು ಹಾಕಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ.

ಎರಡನೆಯದು ಎಡಗಡೆ ಕೆಳಗಿರುವ ಪಟ್ಟಿ. ನನಗೆ ಇದೇ ಹೆಚ್ಚು ಇಷ್ಟ. ಬಹಳ ಜನ ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪರದೆಯಲ್ಲಿ ನಾಲ್ಕು ಭಾಗ ಇವೆ ಅಲ್ವಾ? ಎಡಗಡೆ ಮೇಲೆ ಸಾಮಾನಿನ ಕ್ಯಾಟಲಾಗ್, ಬಲಗಡೆ ಮೇಲೆ ಪ್ಲಾನ್, ಅದರ ಕೆಳಗೆ 3ಡಿ ನೋಟ. ಉಳಿದದ್ದು ಎಡಗಡೆ ಕೆಳಗಿನ ಮೂಲೆ. ಅಲ್ಲಿ ನೀವು ಮನೆಯೊಳಗೆ ಇಟ್ಟ ಪ್ರತಿ ಸಾಮಾನಿಗೂ ಒಂದೊಂದು ಸಾಲು ಇರುತ್ತದೆ. ಬಾಗಿಲು, ಕಿಟಕಿ, ಮೆಟ್ಟಿಲು, ದೀಪ ಕೂಡ ಅಲ್ಲೇ. ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಪ್ಲಾನ್‌ನಲ್ಲಿ ಆ ವಸ್ತು ಸೆಲೆಕ್ಟ್ ಆಗುತ್ತದೆ. ಅದರ ಮೇಲೆ ಎಷ್ಟು ಸಾಮಾನು ಹೇರಿದ್ದರೂ ಚಿಂತೆಯಿಲ್ಲ.

ಪಟ್ಟಿ ಉಪಯೋಗಕ್ಕೆ ಬರಬೇಕಾದರೆ ಒಂದು ಕೆಲಸ ಆಗಿರಬೇಕು. ಕ್ಯಾಟಲಾಗಿನಿಂದ ಎಳೆದು ತಂದ ವಸ್ತುವಿಗೆ ಕ್ಯಾಟಲಾಗಿನ ಹೆಸರೇ ಉಳಿದಿರುತ್ತದೆ. ನಾಲ್ಕು ಕಪಾಟು ತಂದರೆ ಪಟ್ಟಿಯಲ್ಲಿ ಒಂದೇ ಹೆಸರಿನ ನಾಲ್ಕು ಸಾಲು. ನಿಮ್ಮ ಅಟ್ಟವೂ ಯಾವುದೋ ಕಪಾಟನ್ನೋ ಶೆಲ್ಫನ್ನೋ ಹಿಗ್ಗಿಸಿ ಮಾಡಿದ್ದೇ ಇರಬೇಕು. ಹಾಗಿದ್ದರೆ ಅದೂ ಕಪಾಟಿನ ಹೆಸರಿನಲ್ಲೇ ಕೂತಿರುತ್ತದೆ. ಒಂದೊಂದು ಸಾಲಿನ ಮೇಲೂ ಎರಡು ಸಲ ಕ್ಲಿಕ್ ಮಾಡಿ. ತೆರೆಯುವ ಚೌಕದ ಮೇಲ್ಭಾಗದಲ್ಲೇ ಹೆಸರಿನ ಜಾಗ ಇದೆ. ಅಲ್ಲಿ ಮನೆಯಲ್ಲಿ ಏನು ಕರೆಯುತ್ತೀರೋ ಅದನ್ನೇ ಬರೆಯಿರಿ. 'ಅಟ್ಟ ಬಡಗು', 'ಕಪಾಟು ಕಿಟಕಿ ಪಕ್ಕ', 'ಕಪಾಟು ಮಿಕ್ಸಿ ಮೇಲೆ', 'ಹಂಡೆ', 'ಸಿಲಿಂಡರ್ ಖಾಲಿ', 'ಸಿಲಿಂಡರ್ ತುಂಬಿದ್ದು'. ಹತ್ತು ನಿಮಿಷದ ಕೆಲಸ. ನಾನು ಹಾಸನದಲ್ಲಿ ಮನೆ ನಕ್ಷೆ ಬಿಡಿಸಲು ಕಲಿಯಬೇಕೆಂದು ಬರುವ ಹುಡುಗರಿಗೆ ಮೊದಲ ದಿನ ಹೇಳಿಕೊಡುವುದು ಇದನ್ನೇ: ಕ್ಯಾಟಲಾಗಿನಿಂದ ಎಳೆದ ತಕ್ಷಣ ಹೆಸರು, ಆಮೇಲೆ ಅಳತೆ.

ಆ ಪಟ್ಟಿಗೆ ಇನ್ನೊಂದು ಕಾಲಮ್ ಸೇರಿಸಿ. ಫರ್ನಿಚರ್ ಮೆನುವಿನಲ್ಲಿ 'ಡಿಸ್‌ಪ್ಲೇ ಕಾಲಮ್' ಎಂದಿದೆ, ಅದರೊಳಗೆ 'ಎಲಿವೇಶನ್' ಆರಿಸಿ. ಆ ವಸ್ತುವಿನ ತಳ ನೆಲದಿಂದ ಎಷ್ಟು ಮೇಲಿದೆ ಎಂಬ ಅಂಕಿ ಅದು. ಈಗ ಎಲಿವೇಶನ್ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಎಲ್ಲವೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಪ್ಲಾನ್‌ನಲ್ಲಿ ಒಂದರೊಳಗೊಂದು ಮುಚ್ಚಿಹೋಗಿದ್ದ ಅಡಿಗೆಮನೆ ಇಲ್ಲಿ ನೆಲದಿಂದ ಮಾಡಿನವರೆಗೆ ಬಿಚ್ಚಿಕೊಳ್ಳುತ್ತದೆ. ಸಿಲಿಂಡರ್ 0. ಕಟ್ಟೆಯ ಕಲ್ಲು ನೆಲದಿಂದ 34 ಇಂಚಿಗೆ ಬಂದರೆ ಒಲೆಯ ಸಾಲಿನಲ್ಲಿ 86 ಸೆಂಟಿಮೀಟರ್. ಕಲ್ಲಿನಿಂದ ಎರಡಡಿ ಬಿಟ್ಟು ಕಪಾಟು ಕೂರಿಸಿದರೆ ಅದರ ತಳ 147. ಚಿಮಣಿ 165ರ ಸುಮಾರು. ಏಳಡಿಗೆ ಅಟ್ಟ ಎಂದರೆ 213. ಸೆಂಟಿಮೀಟರ್ ಲೆಕ್ಕ ಕಿರಿಕಿರಿ ಎನಿಸಿದರೆ ಪ್ರಿಫರೆನ್ಸಸ್‌ಗೆ ಹೋಗಿ ಅಡಿ-ಇಂಚಿಗೆ ಬದಲಾಯಿಸಿಕೊಳ್ಳಿ. ನಮ್ಮ ಕಡೆಯ ಮೇಸ್ತ್ರಿಗಳು, ಆಚಾರಿಗಳು ಮಾತಾಡುವುದು ಅಡಿ-ಇಂಚಿನಲ್ಲೇ.

ಈ ಕಾಲಮ್ ನೋಡುವಾಗ ಒಲೆಯ ಸಾಲಿನ ಮೇಲೆ ಬೆರಳಿಟ್ಟು ಒಮ್ಮೆ ಓದಿ. ಅಲ್ಲಿ 86ರ ಬದಲು 213ಕ್ಕಿಂತ ದೊಡ್ಡ ಅಂಕಿ ಇದ್ದರೆ ನಿಮ್ಮ ಒಲೆ ಅಟ್ಟದ ಮೇಲೆ ಕೂತಿದೆ. ಇದು ಆಗಾಗ ಆಗುವಂಥದ್ದು. ಒಂದು ವಸ್ತುವನ್ನು ಇನ್ನೊಂದರ ಮೇಲೆ ತಂದು ಬಿಟ್ಟರೆ ಸಾಫ್ಟ್‌ವೇರ್ ಅದನ್ನು ತಾನಾಗಿ ಮೇಲಕ್ಕೆತ್ತಿ ಕೂರಿಸುತ್ತದೆ. ಒಲೆಯನ್ನು ಕಟ್ಟೆ ಮೇಲೆ ಬಿಟ್ಟಾಗ ಇದು ಉಪಕಾರ. ಅಟ್ಟ ಬಿಡಿಸಿಯಾದ ಮೇಲೆ ಅದೇ ಜಾಗಕ್ಕೆ ಹೊಸ ಒಲೆ ತಂದು ಬಿಟ್ಟರೆ ಅದು ಅಟ್ಟ ಹತ್ತಿ ಕೂರಬಹುದು. ಪ್ಲಾನ್‌ನಲ್ಲಿ ನೋಡಲು ವ್ಯತ್ಯಾಸವೇ ತಿಳಿಯುವುದಿಲ್ಲ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತಾ ಹೋಗಿ, ಅಟ್ಟ ಕೊನೆಗೆ ಇರಲಿ.

ಒಂದೇ ಹೆಸರು, ಒಂದೇ ಅಳತೆ, ಒಂದೇ ಎಲಿವೇಶನ್ ಇರುವ ಎರಡು ಸಾಲು ಕಂಡರೆ ಒಂದರ ಮೇಲೊಂದು ಎರಡು ಸಾಮಾನು ಬಿದ್ದಿರಬಹುದು. ಒಂದನ್ನು ಆರಿಸಿ ಅಳಿಸಿ, ಪ್ಲಾನ್‌ನಲ್ಲಿ ಏನೂ ಕಡಿಮೆಯಾಗದಿದ್ದರೆ ಅದು ಹೆಚ್ಚುವರಿ. 3ಡಿ ನೋಟ ತಿರುಗಿಸುವಾಗ ಒಂದು ಕಪಾಟಿನ ಮುಖ ಪಟಪಟ ಮಿನುಗಿದರೂ ಇದೇ ಅನುಮಾನ ಇರಲಿ. ಎರಡು ಮೇಲ್ಮೈ ಕೂದಲೆಳೆಯೂ ಬಿಡದೆ ಒಂದೇ ಜಾಗದಲ್ಲಿದ್ದಾಗ ಯಾವುದನ್ನು ಮುಂದೆ ತೋರಿಸಬೇಕೆಂದು ಕಂಪ್ಯೂಟರಿಗೆ ತೀರ್ಮಾನ ಆಗುವುದಿಲ್ಲ. ಅದಕ್ಕೇ ಆ ಮಿನುಗು.

ಪಟ್ಟಿಯಿಂದ ಒಲೆಯನ್ನು ಆರಿಸಿದ ಮೇಲೆ ಮತ್ತೆ ಪ್ಲಾನ್ ಮೇಲೆ ಹೋಗಿ ಅದನ್ನು ಕ್ಲಿಕ್ ಮಾಡಬೇಡಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕ್ಲಿಕ್ ಮಾಡಿದ ತಕ್ಷಣ ಆಯ್ಕೆ ಮತ್ತೆ ಅಟ್ಟಕ್ಕೆ ಹೋಗುತ್ತದೆ. ರೈಟ್ ಕ್ಲಿಕ್ ಮೆನುವಿನಿಂದ ಆರಿಸಿದ್ದರೆ ಕೀಬೋರ್ಡಿನ ಬಾಣದ ಗುರುತುಗಳನ್ನು ಒತ್ತಿ, ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಕರಾರುವಾಕ್ಕಾಗಿ ಬೇಕಾದರೆ ಪಟ್ಟಿಯ ಸಾಲನ್ನೇ ಎರಡು ಸಲ ಕ್ಲಿಕ್ ಮಾಡಿ, ಚೌಕದಲ್ಲಿ ಅಂಕಿ ಬದಲಾಯಿಸಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಆಲೂರು ಕಡೆಯ ಒಂದು ಮನೆಗೆ ಅಡಿಗೆಮನೆ ಬಿಡಿಸಿಕೊಟ್ಟಿದ್ದೆ. ಸಿಂಕನ್ನು ಕಿಟಕಿಯ ನಡುವಿಗೆ ತರಬೇಕಿತ್ತು. ಮೇಲಿದ್ದ ಗೋಡೆ ಕಪಾಟು ಪದೇ ಪದೇ ಕೈಗೆ ಬರುತ್ತಿತ್ತು. ಅವಸರದಲ್ಲಿ ನಾಲ್ಕೈದು ಸಲ ಕ್ಲಿಕ್ ಮಾಡಿ ಎಳೆದೆ. ಸೆಲೆಕ್ಟ್ ಆದ ವಸ್ತುವಿನ ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಗುರುತು ಬರುತ್ತವೆ, ನೋಡಿರುತ್ತೀರಿ. ಎಡ ಮೇಲಿನದು ತಿರುಗಿಸಲು, ಬಲ ಮೇಲಿನದು ನೆಲದಿಂದ ಎತ್ತಲು ಇಳಿಸಲು, ಎಡ ಕೆಳಗಿನದು ವಸ್ತುವಿನ ಎತ್ತರಕ್ಕೆ, ಬಲ ಕೆಳಗಿನದು ಅಗಲ ಆಳಕ್ಕೆ. ನನ್ನ ಮೌಸ್ ಆ ಬಲ ಮೇಲಿನ ಗುರುತಿಗೆ ತಾಗಿತ್ತು. ಕಪಾಟು ಅರ್ಧ ಅಡಿ ಕೆಳಗಿಳಿಯಿತು. ಮೇಲಿನಿಂದ ನೋಡುವ ಪ್ಲಾನ್‌ನಲ್ಲಿ ಕಪಾಟು ಇದ್ದಲ್ಲೇ ಇತ್ತು, ಒಂದು ಗೆರೆಯೂ ಅಲುಗಿರಲಿಲ್ಲ. ನಾನು ಎತ್ತರದ ಅಂಕಿಗಳನ್ನು ಬರೆದು ಆಚಾರಿಗೆ ಕೊಟ್ಟೆ. ಅವರು ನನ್ನ ಅಂಕಿ ನಂಬಿ ಗೋಡೆಗೆ ಬ್ರಾಕೆಟ್ ಹೊಡೆದರು. ಮನೆಯ ಅಮ್ಮ ಮೊದಲ ದಿನ ಮಿಕ್ಸಿ ಇಟ್ಟು ಚಟ್ನಿ ರುಬ್ಬಿ ಜಾರ್ ಎತ್ತಲು ಹೋದರೆ ಮೇಲೆ ಕಪಾಟು ಅಡ್ಡ. ಕಲ್ಲಿನಿಂದ ಕಪಾಟಿಗೆ ಎರಡಡಿ ಇರಬೇಕಾದಲ್ಲಿ ಒಂದೂವರೆ ಅಡಿ ಉಳಿದಿತ್ತು. ಬ್ರಾಕೆಟ್ ಕಿತ್ತು ಮತ್ತೆ ಹೊಡೆಸಿದೆವು. ಟೈಲ್ಸ್ ಮೇಲೆ ಹಳೆಯ ತೂತುಗಳು ಇವತ್ತಿಗೂ ಇವೆ. ಆ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ನೀವು ಅಟ್ಟವನ್ನು ಎಷ್ಟೋ ಸಲ ಎಳೆದಾಡಿದ್ದೀರಿ. ಹಾಗಾಗಿ ಮೇಸ್ತ್ರಿಗೆ ಕೊಡುವ ಮುಂಚೆ ಎಲಿವೇಶನ್ ಕಾಲಮ್ ಒಂದೊಂದೇ ಸಾಲು ಓದಲೇಬೇಕು.

ಇನ್ನು ಅಟ್ಟ ಅಡ್ಡ ಬರದ ಹಾಗೆ ಮಾಡುವುದು. ಎಲ್ಲಕ್ಕಿಂತ ಸುಲಭ: ಪಟ್ಟಿಯಲ್ಲಿ 'ವಿಸಿಬಲ್' ಎಂಬ ಕಾಲಮ್‌ನಲ್ಲಿ ಅಟ್ಟದ ಮುಂದಿರುವ ಟಿಕ್ ತೆಗೆಯಿರಿ. ಅಟ್ಟ ಪ್ಲಾನ್‌ನಿಂದಲೂ 3ಡಿಯಿಂದಲೂ ಮಾಯವಾಗುತ್ತದೆ. ಜಾಗ, ಅಳತೆ ಎಲ್ಲ ಹಾಗೇ ಇರುತ್ತದೆ. ಒಲೆ, ಕಟ್ಟೆ ಕೆಲಸ ಮುಗಿಸಿ ಮತ್ತೆ ಟಿಕ್ ಹಾಕಿ. ಎಳೆದು ಪಕ್ಕಕ್ಕಿಡುವ ಕೆಲಸವೇ ಇಲ್ಲ. ಟಿಕ್ ಹಾಕುವುದು ಮರೆತರೆ ಮಾತ್ರ ಪ್ರಿಂಟ್‌ನಲ್ಲಿ ಅಟ್ಟ ಇರುವುದಿಲ್ಲ, ಅದೊಂದು ನೋಡಿಕೊಳ್ಳಿ.

ಅಟ್ಟ ಕಣ್ಣಿಗೆ ಕಾಣುತ್ತಲೂ ಇರಬೇಕು, ಕೈಗೆ ಮಾತ್ರ ಸಿಗಬಾರದು ಎಂದರೆ ಬೀಗ ಹಾಕಬೇಕು. ನಿಮಗೆ ನಾನು ಹೇಳುವುದು ಇದನ್ನೇ. ಅಟ್ಟದ ಸಾಲನ್ನು ಎರಡು ಸಲ ಕ್ಲಿಕ್ ಮಾಡಿ, ಚೌಕದಲ್ಲಿ 'ಪಾರ್ಟ್ ಆಫ್ ಬೇಸ್ ಪ್ಲಾನ್' ಎಂಬುದಕ್ಕೆ ಟಿಕ್ ಹಾಕಿ. ಇದು ಗೋಡೆಯ ಹಾಗೆ ಮನೆಯ ಭಾಗ, ಸರಿಸುವ ಸಾಮಾನಲ್ಲ ಎಂದು ಸಾಫ್ಟ್‌ವೇರಿಗೆ ಹೇಳಿದಂತೆ. ಆಮೇಲೆ ಪ್ಲಾನ್ ಮೆನುವಿನಲ್ಲಿ 'ಲಾಕ್ ಬೇಸ್ ಪ್ಲಾನ್' ಒತ್ತಿ. ಪ್ಲಾನ್‌ನ ಎಡ ಮೇಲಿನ ಮೂಲೆಯಲ್ಲಿ, ಎರಡು ಅಳತೆಪಟ್ಟಿ ಸೇರುವಲ್ಲಿ, ಬೀಗದ ಚಿತ್ರವೂ ಇದೆ, ಅದನ್ನು ಒತ್ತಿದರೂ ಆದೀತು. ಈಗ ಗೋಡೆ, ಕೋಣೆ, ಅಳತೆ ಗೆರೆ, ಬರಹ, ಬಾಗಿಲು, ಕಿಟಕಿ, ಜೊತೆಗೆ ನಿಮ್ಮ ಅಟ್ಟ, ಯಾವುದೂ ಕ್ಲಿಕ್‌ಗೆ ಬರುವುದಿಲ್ಲ. ಅಟ್ಟದ ಮೂಲಕ ಕೈ ಹಾಯಿಸಿ ಕೆಳಗಿನದನ್ನು ಹಿಡಿದಂತೆ ಇರುತ್ತದೆ. ನಾಳೆ ಕಿಟಕಿ ಸರಿಸಲು ಹೋಗಿ ಅದು ಅಲುಗದಿದ್ದರೆ ಗಾಬರಿಯಾಗಬೇಡಿ, ಬೀಗ ತೆಗೆಯಿರಿ.

ಸಿಲಿಂಡರ್ ವಿಷಯಕ್ಕೂ ಇದೇ ಉಪಾಯ. ಕಟ್ಟೆಯನ್ನೂ ಕಪಾಟನ್ನೂ ಬೇಸ್ ಪ್ಲಾನ್‌ಗೆ ಸೇರಿಸಿ ಬೀಗ ಹಾಕಿದರೆ ಉಳಿಯುವುದು ಒಲೆ, ಚಿಮಣಿ, ಸಿಲಿಂಡರ್. ಆದರೆ ಸಿಲಿಂಡರ್ ಎರಡು ಇದ್ದರೆ ಪಟ್ಟಿಯಿಂದ ಕರೆಯುವುದೇ ವಾಸಿ.

ಅಟ್ಟವನ್ನು ಬೇರೆ ಲೆವೆಲ್‌ಗೆ, ಅಂದರೆ ಬೇರೆ ಮಹಡಿಗೆ, ಹಾಕಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಪ್ಲಾನ್ ಮೆನುವಿನಲ್ಲಿ ಲೆವೆಲ್ ಸೇರಿಸಬಹುದು, ಒಂದು ಲೆವೆಲ್‌ನಲ್ಲಿ ಕೆಲಸ ಮಾಡುವಾಗ ಇನ್ನೊಂದರದ್ದು ಕೈಗೆ ಸಿಗುವುದಿಲ್ಲ, ನಿಜ. ಏಣಿ ಹತ್ತಿ ಹೋಗಿ ಅಡಿಕೆ ಮೂಟೆ, ಸೌತೆಕಾಯಿ, ಹಳೇ ಪಾತ್ರೆ ಇಡುವಂಥ ದೊಡ್ಡ ಮರದ ಅಟ್ಟ ನಿಮ್ಮ ಮನೆಯಲ್ಲಿ ಇದ್ದರೆ ಅದಕ್ಕೆ ಬೇರೆ ಲೆವೆಲ್ ಮಾಡುವುದೇ ಸರಿ. ಅದು ಒಂದು ಮಹಡಿಯಂತೆಯೇ. ಕಟ್ಟೆಯ ಮೇಲಿನ ಎರಡಡಿ ಅಗಲದ ಸಜ್ಜಕ್ಕೆ ಅಷ್ಟು ಮಾಡಬೇಡಿ. ಹೊಸ ಲೆವೆಲ್ ಸೇರಿಸಿದರೆ ಅದರ ನೆಲ ಕೆಳಗಿನ ಲೆವೆಲ್‌ನ ಎತ್ತರಕ್ಕೆ 12 ಸೆಂಟಿಮೀಟರ್ ದಪ್ಪ ಸೇರಿಸಿಕೊಂಡು ಕೂರುತ್ತದೆ. ಬದಲಾಯಿಸದೇ ಬಿಟ್ಟರೆ 250ಕ್ಕೆ 12 ಸೇರಿ 262. ನಿಮ್ಮ ಸಜ್ಜ ಇರುವುದು 213ರಲ್ಲಿ. ಆ ಲೆಕ್ಕ ಹೊಂದಿಸುವಷ್ಟರಲ್ಲಿ ತಲೆ ಕೆಡುತ್ತದೆ.

ಗ್ರೂಪ್ ಮಾಡುವುದೂ ಅಷ್ಟೇ, ಊಟದ ಮೇಜು ಕುರ್ಚಿಗೆ ಚೆನ್ನ. ಒಲೆ ಮತ್ತು ಅಟ್ಟವನ್ನು ಒಂದೇ ಗ್ರೂಪಿಗೆ ಹಾಕಿದರೆ ಎರಡೂ ಒಟ್ಟಿಗೇ ಓಡಾಡುತ್ತವೆ. ನಿಮಗೆ ಬೇಕಾದದ್ದು ಅದಲ್ಲ.

ಈಗ ಆ ಎರಡನೇ ಗೋಡೆ. ಇದಕ್ಕೆ ಪಟ್ಟಿ ಸಹಾಯಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿ ಸಾಮಾನು ಮಾತ್ರ ಇರುತ್ತದೆ, ಗೋಡೆ, ಕೋಣೆ, ಅಳತೆ ಗೆರೆ ಇರುವುದಿಲ್ಲ. ಎರಡು ಗೋಡೆ ಒಂದರ ಮೇಲೊಂದು ಬಿದ್ದರೆ ಪ್ಲಾನ್‌ನಲ್ಲಿ ಸೇರಿಹೋಗಿ ಒಂದೇ ಗೋಡೆಯಂತೆ ಕಾಣುತ್ತವೆ, ನಡುವೆ ಗೆರೆಯೂ ಇರುವುದಿಲ್ಲ. ಹಾಗಾಗಿ ಬೀಗ ತೆಗೆದು, ಗೋಡೆಯ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಲೆಕ್ಟ್ ಆಬ್ಜೆಕ್ಟ್' ಒಳಗೆ ಎಷ್ಟು ಗೋಡೆ ಇದೆ ಎಂದು ನೋಡಿ. ಎರಡಿದ್ದರೆ ಒಂದನ್ನು ಆರಿಸಿ, ಅದರ ಎರಡು ತುದಿ ಎಲ್ಲಿವೆ ಗಮನಿಸಿ. ಸಾಮಾನ್ಯವಾಗಿ ಒಂದು ಪೂರ್ತಿ ಉದ್ದ ಇರುತ್ತದೆ, ಇನ್ನೊಂದು ಅದರೊಳಗೆ ಅಡಗಿದ ತುಂಡು. ತುಂಡನ್ನು ಅಳಿಸಿ, ಉದ್ದದ್ದು ಉಳಿಯಲಿ. ನೀವು ಈವರೆಗೆ ಅಳಿಸಿದ್ದು ಉದ್ದದ್ದೇ ಆಗಿದ್ದರೆ ಕಂಟ್ರೋಲ್ ಜೆಡ್ ಒತ್ತಿ ವಾಪಸ್ ತಂದುಕೊಳ್ಳಿ. ಫೈಲ್ ಮುಚ್ಚಿ ತೆರೆದಾಗಿದ್ದರೆ ಹಾಗೆ ತರಲು ಆಗುವುದಿಲ್ಲ, ಆ ಗೋಡೆಯನ್ನು ಮತ್ತೆ ಎಳೆಯಿರಿ. ಕೋಣೆಗಳೂ ಹೀಗೇ ಎರಡಾಗುತ್ತವೆ. ಗೋಡೆಗಳ ನಡುವೆ ಎರಡು ಸಲ ಕ್ಲಿಕ್ ಮಾಡಿ ಕೋಣೆ ಮಾಡುತ್ತೇವಲ್ಲ, ಅದನ್ನೇ ಮರೆತು ಇನ್ನೊಮ್ಮೆ ಮಾಡಿದರೆ ಮೇಲೊಂದು ಕೆಳಗೊಂದು. ಪತ್ತೆ ಮಾಡುವುದೂ ಇದೇ ಮೆನುವಿನಲ್ಲಿ.

ಹಳೇ ಮನೆಗೆ ಸಂಬಂಧಿಸಿದ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮ ಫೈಲಿನಲ್ಲಿ ಇದೂ ಆಗಿರುವ ಸಾಧ್ಯತೆ ಜಾಸ್ತಿ. ಸ್ವೀಟ್ ಹೋಮ್ 3ಡಿಯಲ್ಲಿ ಹೊಸ ಗೋಡೆ ಎಳೆದರೆ ಅದು ಮೊದಲಿಗೆ 7.5 ಸೆಂಟಿಮೀಟರ್ ದಪ್ಪ ಇರುತ್ತದೆ. ಮಲೆನಾಡಿನ ಹಳೇ ಮಣ್ಣಿನ ಗೋಡೆ ಒಂದೂವರೆ ಅಡಿ, ಅಂದರೆ ಸುಮಾರು 45. ಕಟ್ಟೆ, ಕಪಾಟು ಎಲ್ಲ ಗೋಡೆಗೆ ಅಂಟಿಸಿ ಇಟ್ಟಾದ ಮೇಲೆ ದಪ್ಪ ಬದಲಾಯಿಸಿದರೆ ಗೋಡೆ ಎರಡೂ ಕಡೆಗೆ ಊದಿಕೊಳ್ಳುತ್ತದೆ. ಒಂದೊಂದು ಕಡೆ ಹೆಚ್ಚುಕಮ್ಮಿ 19 ಸೆಂಟಿಮೀಟರ್. ಕಟ್ಟೆಯ ಮೂರನೇ ಒಂದು ಭಾಗ ಗೋಡೆಯೊಳಗೆ ಹೂತುಹೋಗುತ್ತದೆ. ಒಂದಡಿ ಆಳದ ಕಪಾಟಾದರೆ ಅರ್ಧಕ್ಕಿಂತ ಜಾಸ್ತಿ. ಆಗ 3ಡಿಯಲ್ಲಿ ಕಪಾಟು ತೆಳ್ಳಗೆ ಕಾಣುತ್ತದೆ, ಜನ ಕಪಾಟಿನ ಆಳ ಹೆಚ್ಚಿಸಲು ಹೋಗುತ್ತಾರೆ. ತಪ್ಪು ಕಪಾಟಿನದಲ್ಲ. ಮೊದಲು ಗೋಡೆಯ ದಪ್ಪ, ಆಮೇಲೆ ಸಾಮಾನು. ಈಗಾಗಲೇ ಆಗಿದ್ದರೆ ಆ ಗೋಡೆಯ ಸಾಮಾನನ್ನೆಲ್ಲ ಪಟ್ಟಿಯಲ್ಲಿ ಕಂಟ್ರೋಲ್ ಒತ್ತಿಕೊಂಡು ಒಂದೊಂದಾಗಿ ಆರಿಸಿ, ಒಟ್ಟಿಗೆ ಹೊರಗೆ ಸರಿಸಿ.

ಮೌಸಿನಿಂದ ಚೌಕ ಎಳೆದು ಹಲವನ್ನು ಒಟ್ಟಿಗೆ ಹಿಡಿಯುವುದೂ ಇದೆ. ಇಲ್ಲಿ ಚೌಕಕ್ಕೆ ತುದಿ ತಾಗಿದರೂ ಸಾಕು, ಆ ವಸ್ತು ಸೆಲೆಕ್ಟ್ ಆಗಿಬಿಡುತ್ತದೆ. ಬೇಡದ್ದನ್ನು ಶಿಫ್ಟ್ ಒತ್ತಿ ಕ್ಲಿಕ್ ಮಾಡಿ ಬಿಡಿಸಬಹುದು. ಆದರೆ ಅಡಿಗೆಮನೆಯಂಥ ಇಕ್ಕಟ್ಟಿನ ಜಾಗದಲ್ಲಿ ಈ ಚೌಕದ ಸಹವಾಸ ಬೇಡ. ಯಾವುದು ಬಂತು ಯಾವುದು ಬಿಟ್ಟಿತು ತಿಳಿಯುವುದಿಲ್ಲ. ಹೊಸ ಆವೃತ್ತಿಗಳಲ್ಲಿ 3ಡಿ ನೋಟದಲ್ಲೇ ವಸ್ತುವನ್ನು ಕ್ಲಿಕ್ ಮಾಡಿ ಹಿಡಿಯಬಹುದು, ಅದು ಒಲೆಗೆ ಚೆನ್ನಾಗಿ ಒದಗುತ್ತದೆ. ಎದುರಿನಿಂದ ನೋಡಿದಾಗ ಅಟ್ಟ ಅಡ್ಡ ಇರುವುದಿಲ್ಲವಲ್ಲ.

ನಿಮ್ಮ ಎಂಜಿನಿಯರ್ ಇದನ್ನೇ ಆಟೋಕ್ಯಾಡ್ ಎಂಬ ಇನ್ನೊಂದು ನಕ್ಷೆ ಸಾಫ್ಟ್‌ವೇರಿನಲ್ಲಿ ಬಿಡಿಸಿದರೆ ಅಲ್ಲಿ ದಾರಿ ಬೇರೆ. ಒಂದರ ಮೇಲೊಂದಿರುವ ಗೆರೆಗಳ ಮೇಲೆ ಮೌಸ್ ಇಟ್ಟು ಶಿಫ್ಟ್ ಜೊತೆ ಸ್ಪೇಸ್ ಒತ್ತುತ್ತಾ ಹೋದರೆ ಒಂದಾದ ಮೇಲೊಂದು ಕೈಗೆ ಬರುತ್ತದೆ. ಇನ್ನು ಕೆಲವರು ರೆವಿಟ್ ಎಂಬ ಸಾಫ್ಟ್‌ವೇರ್ ಬಳಸುತ್ತಾರೆ, ಅದರಲ್ಲಿ ಈ ಕೆಲಸಕ್ಕೆ ಟ್ಯಾಬ್ ಗುಂಡಿ. ಸ್ವೀಟ್ ಹೋಮ್ 3ಡಿಯಲ್ಲಿ ಈ ಗುಂಡಿಗಳನ್ನು ಹುಡುಕಬೇಡಿ.

ನೀವು ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಇನ್ನೊಂದು ಪ್ರತಿ ಉಳಿಸಿಕೊಳ್ಳಿ. ಪಟ್ಟಿಯಲ್ಲಿರುವ ಎಲ್ಲಕ್ಕೂ ಹೆಸರು ಬರೆಯಿರಿ. ಗೋಡೆಯ ದಪ್ಪ ನಿಜವಾದದ್ದು ಇದೆಯೇ ನೋಡಿ, ಒಂದು ಟೇಪ್ ಹಿಡಿದು ಬಾಗಿಲ ಸಂದಿನಲ್ಲಿ ಅಳೆದರೆ ತಿಳಿಯುತ್ತದೆ. ಅಟ್ಟ ಮೊದಲು ಎಲ್ಲಿತ್ತು ಎಂದು ನೆನಪು ಮಾಡಿಕೊಳ್ಳುವ ಅಗತ್ಯ ಇಲ್ಲ. ಅದನ್ನು ಗೋಡೆಯ ಹತ್ತಿರಕ್ಕೆ ಎಳೆದು ತಂದರೆ ಬೆನ್ನು ತಾನಾಗಿ ಗೋಡೆಗೆ ಅಂಟುತ್ತದೆ. ಎಲಿವೇಶನ್‌ನಲ್ಲಿ 213 ಬರೆಯಿರಿ, ಬೇಸ್ ಪ್ಲಾನ್‌ಗೆ ಸೇರಿಸಿ, ಬೀಗ ಹಾಕಿ. ಆಮೇಲೆ ನಿಧಾನವಾಗಿ ಒಲೆಯನ್ನು ಎಲ್ಲಿ ಬೇಕೋ ಅಲ್ಲಿಗೆ ಸರಿಸಿ ನೋಡಿ. ಕಿಟಕಿಗೆ ತೀರಾ ಹತ್ತಿರ ತರಬೇಡಿ, ನಮ್ಮ ಕಡೆಯ ಮಳೆಗಾಲದ ಗಾಳಿಗೆ ಉರಿ ನಿಲ್ಲುವುದಿಲ್ಲ.

ಬಚ್ಚಲುಮನೆ ಬಿಡಿಸುವಾಗ ಹಂಡೆ, ಹಂಡೆಯ ಒಲೆ, ಮೇಲೆ ಸೌದೆ ಇಡುವ ಹಲಗೆ, ಮೂರೂ ಒಂದರ ಮೇಲೊಂದು ಬರುತ್ತವೆ. ಅಲ್ಲೂ ಒಲೆಯಿಂದ ಶುರು ಮಾಡಿ, ಹಲಗೆ ಕೊನೆಗೆ. ಎಲ್ಲ ಮಾಡಿದ ಮೇಲೂ ಆ ಎರಡನೇ ಗೋಡೆ ಹೋಗದಿದ್ದರೆ ಫೈಲನ್ನೇ ಕಳುಹಿಸಿಕೊಡಿ, ತೆರೆದು ನೋಡುತ್ತೇನೆ.